ಫ್ಯೂಸ್ ಚಿಕ್ಕಮ್ಮ ಮತ್ತು ಬೆಚ್ಚಗಿನ ಗೋಡೆ

ನನ್ನ ಚಿಕ್ಕಮ್ಮನನ್ನು ಎಲ್ಲರೂ ಫ್ಯೂಸ್ ಚಿಕ್ಕಮ್ಮ ಅಂತಲೇ ಕರೆಯುತ್ತಾರೆ. ಮೂವತ್ತು ವರ್ಷ ಒಂದು ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವಳು. ಒಮ್ಮೆ ಸುಟ್ಟ ವೈರಿನ ಮೇಲೇ ಯಂತ್ರ ಓಡಿಸು ಎಂದು ಮ್ಯಾನೇಜರ್ ಹಟ ಹಿಡಿದಾಗ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ಹಾಯಾಗಿ ಊಟ ಮಾಡಿದ್ದಳು. ಮೂರನೇ ದಿನ ಗಿರಣಿಗೆ ಹೊಸ ವೈರು ಬಂತು, ಅವಳಿಗೊಂದು ನೋಟಿಸು ಬಂತು. ಆ ನೋಟಿಸನ್ನು ಅವಳು ತನ್ನ ಹತಾರದ ಪೆಟ್ಟಿಗೆಯ ತಳಕ್ಕೆ ಹಾಸಿಕೊಂಡಿದ್ದಾಳೆ.

ಇಂಥವಳನ್ನು ಬಿಟ್ಟು ನಾನು ಹೊಸ ಅಡುಗೆಮನೆಯ ವೈರಿಂಗನ್ನು ಮೈದುನನಿಗೆ ಒಪ್ಪಿಸಿದೆ. ಅವನು ಕಂಟ್ರಾಕ್ಟರು, ಬಾಯಿ ಬಿಟ್ಟರೆ "ನಾನಿದ್ದೀನಲ್ಲ" ಅನ್ನುವವನು. ನಾಲ್ಕು ಒಲೆ, ಕೆಳಗೊಂದು ಓವನ್ ಇರುವ ಎಲೆಕ್ಟ್ರಿಕ್ ಕುಕ್ಕರ್ ತಂದೆವು. ಎಲ್ಲ ಒಟ್ಟಿಗೆ ಹಾಕಿದರೆ ಅದು ಮೂವತ್ತು ಆಂಪಿಯರ್ ಎಳೆಯುತ್ತದೆ. ಗೋಡೆಯೊಳಗೆ ಇದ್ದದ್ದು ಮಾಮೂಲಿ ಪ್ಲಗ್ಗಿಗೆ ಹಾಕುವ ಎರಡೂವರೆ ಚದರ ಮಿಲಿಮೀಟರಿನ ಸಣ್ಣ ವೈರು. ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಆಫ್ ಆಗುವ ಇಪ್ಪತ್ತು ಆಂಪಿಯರಿನ ಬ್ರೇಕರ್ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ಮೈದುನ ಅದನ್ನು ಕಿತ್ತು ನಲವತ್ತರದು ಹಾಕಿದ. ಮತ್ತೆ ಬೀಳಲಿಲ್ಲ. ನಾನು ಅವನಿಗೆ ಟೀ ಕೊಟ್ಟು ಹೊಗಳಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ ಚಿಕ್ಕಮ್ಮ, ಯಾವಾಗಲೂ ಜೊತೆಗಿರುವ ಹತಾರದ ಪೆಟ್ಟಿಗೆ ಹಿಡಿದು, ಬಂದಳು. ನನ್ನ ಗಂಡ, ಮೈದುನ ಇಬ್ಬರೂ ಇದ್ದರು. ನಾಲ್ಕೂ ಒಲೆಯ ಮೇಲೆ ಪಾತ್ರೆ, ಓವನ್ನೂ ಕಾಯುತ್ತಿತ್ತು. ನಮ್ಮತ್ತೆ ತಮ್ಮ ಕೋಣೆಯಿಂದ ಬಂದು ಕೂತರು. ಅವರ ಮಂಚ ಇರುವುದು ಅಡುಗೆಮನೆಯ ಗೋಡೆಯ ಆ ಮಗ್ಗುಲಿಗೆ.

"ಈ ಕುಕ್ಕರ್ ಬಂದ್ಮೇಲೆ ನನ್ನ ಬೆನ್ನುನೋವು ಎಷ್ಟೋ ವಾಸಿ," ಅಂದರು ಅತ್ತೆ. "ಗೋಡೆ ಬೆಚ್ಚಗಿರುತ್ತೆ. ಒರಗಿಕೊಂಡ್ರೆ ಹಿತವಾಗಿರುತ್ತೆ."

ಚಿಕ್ಕಮ್ಮ ಲೋಟ ಕೆಳಗಿಟ್ಟು ಎದ್ದಳು. ಅತ್ತೆಯ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿದಳು. ನನ್ನ ಕೈಯನ್ನೂ ಎಳೆದು ಅಲ್ಲೇ ಇಟ್ಟಳು. ಜ್ವರ ಬಂದ ಮಗುವಿನ ಹಣೆಯ ಹಾಗಿತ್ತು. ಅವಳು ನೆಟ್ಟಗೆ ಹೋಗಿ ಮೇನ್ ಆರಿಸಿ, ಬೋರ್ಡು ಬಿಚ್ಚಿ, ಆ ನಲವತ್ತರ ಬ್ರೇಕರನ್ನು ಕಿತ್ತು ಜೇಬಿಗಿಳಿಸಿದಳು.

"ಏನ್ ಮಾಡ್ತಿದೀರಿ?" ಮೈದುನ ಹಾರಿಬಿದ್ದ. "ಒಂದ್ಸಲನೂ ಬಿದ್ದಿಲ್ಲ ಅದು!"

"ಅದೇ ರೋಗ. ಬ್ರೇಕರ್ ಇರೋದು ಕುಕ್ಕರ್ ಕಾಪಾಡೋಕಲ್ಲಪ್ಪ, ಗೋಡೆಯೊಳಗಿನ ವೈರ್ ಕಾದು ಬೆಂಕಿ ಹತ್ತದ ಹಾಗೆ ಕಾಪಾಡೋಕೆ. ತಡೀಲಾರದೆ ಒದ್ದಾಡ್ತಿದ್ದದ್ದು ವೈರು, ನೀನು ಬದಲಾಯಿಸಿದ್ದು ಬ್ರೇಕರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಆರರ ದಪ್ಪ ವೈರ್ ಎಳಿ, ಮೂವತ್ತೆರಡರ ಬ್ರೇಕರ್ ಹಾಕು. ಅಲ್ಲೀವರೆಗೂ ಇದು ನನ್ನ ಹತ್ರಾನೇ ಇರುತ್ತೆ."

"ಗೋಡೆಯೊಳಗಿನ ಪೈಪಲ್ಲಿ ಆರರದು ಹೋಗಲ್ಲ. ಟೈಲ್ಸ್ ಒಡೀಬೇಕು!"

"ಒಡಿ."

"ಈ ಮನೆ ಕಟ್ಟಿದ್ದು ನಾನು."

"ಕಟ್ಟಿದ್ದು ನೀನು, ಮಲಗೋದು ನಿಮ್ಮಮ್ಮ."

ಎಲ್ಲರೂ ನನ್ನ ಮುಖ ನೋಡಿದರು. ಆ ನೀಲಿ ಟೈಲ್ಸಿಗಾಗಿ ನಾನು ಹನ್ನೊಂದು ಅಂಗಡಿ ತಿರುಗಿದ್ದೆ. "ಇನ್ಮೇಲೆ ಎರಡೇ ಒಲೆ ಹಾಕಿದ್ರಾಯ್ತಲ್ಲ," ಅಂದರು ನನ್ನ ಗಂಡ, ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಅತ್ತೆ ಮೆಲ್ಲಗೆ, "ನನಗೋಸ್ಕರ ಯಾಕೆ ಒಡೀತೀರಾ? ಮಂಚಾನೇ ಆಚೆ ಎಳ್ಕೋತೀನಿ ಬಿಡಿ," ಅಂದರು.

ಆ ಮಾತು ನನಗೆ ತಡೆಯಲಾಗಲಿಲ್ಲ. ಮಗ ತನ್ನ ತಪ್ಪು ಮುಚ್ಚಿಕೊಳ್ಳಲಿ ಎಂದು ತಾಯಿ ಮಂಚ ಎಳೆಯಬೇಕೇ? ಚಿಕ್ಕಮ್ಮನ ಪೆಟ್ಟಿಗೆ ತೆಗೆದು ಸುತ್ತಿಗೆ ಎತ್ತಿಕೊಂಡೆ. ತಳದಲ್ಲಿ ಆ ಹಳೇ ನೋಟಿಸು ಹಳದಿಯಾಗಿ ಕಂಡಿತು. ಮೊದಲ ಏಟು ಜಾರಿತು. ಎರಡನೆಯದಕ್ಕೆ ಕುಕ್ಕರಿನ ಮೇಲಿದ್ದ ನೀಲಿ ಟೈಲು ಚೂರುಚೂರಾಗಿ ಉದುರಿತು.

"ಅತ್ತಿಗೆ!" ಮೈದುನ ಕಿರುಚಿದ.

"ಬಾಯ್ಮುಚ್ಕೊಂಡು ವೈರ್ ತಗೊಂಡ್ ಬಾ," ಅಂದೆ. "ಆರರದು."