ಹಂಚಿನ ರಾಯರ ಕಾಗದಗಳಲ್ಲಿ ಒಂದು ಸೊನ್ನೆ

ಮುಂದೆ ಹೇಳುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಹೇಳಿ ಹೇಳಿ ನಡೆಸಿದ್ದು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಕಳೆದ ವಾರ ಅಂಕೋಲೆಯ ಕೊರಿಯರ್ ಅಂಗಡಿಯಲ್ಲಿ ಒಂದು ಲಕೋಟೆ ಕೊಟ್ಟೆ. ಅಂಗಡಿಯವ ರಸೀತಿ ಪುಸ್ತಕದ ನಡುವೆ ಕಾರ್ಬನ್ ಹಾಳೆ ಇಟ್ಟು, ಒತ್ತಿ ಒತ್ತಿ ಬರೆದು, ಹರಿದು ಕೈಗಿತ್ತ. ಬೆರಳಿಗೆ ನೀಲಿ ಹತ್ತಿತು. ತಿಳಿಯದೆ ಮೂಗಿಗೆ ಹಿಡಿದೆ.

“ಮೂಸಿ ನೋಡ್ಬೇಡ್ರಿ ಸರ್, ಅಸಲಿಯೇ ಕೊಟ್ಟದ್ದು” ಎಂದ.

ಅವನಿಗೇನು ಗೊತ್ತು? ನಾನು ಮೂಸಿದ್ದು ಕಾರವಾರದ ಒಂದು ಜಗಲಿಯನ್ನು. ಅಲ್ಲಿ ಕೂತು ಒಂದು ಬೇಸಿಗೆಯಿಡೀ ಹಂಚಿನ ರಾಯರ ಪತ್ರಗಳನ್ನು ಕಾರ್ಬನ್ ಇಟ್ಟು ಬರೆದಿದ್ದೆ. ಕೊನೆಗೆ ಅವರ ನೌಕರಿಯನ್ನೂ ತೆಗೆದಿದ್ದೆ. ಈ ಎರಡನೆಯ ಮಾತನ್ನು ಅಷ್ಟೂ ವರ್ಷ ಯಾರಿಗೂ ಹೇಳಿರಲಿಲ್ಲ.

ರಾಯರು ಕಾರವಾರದಲ್ಲಿ ಹಂಚು ಮಾರುತ್ತಿದ್ದವರು. ಶೆಟಗೇರಿಯ ನಮ್ಮ ಮನೆಯ ಮೇಲಿರುವುದೂ ಅವರದೇ ಹಂಚು. ಹಂಚು ಕೊಳ್ಳಲು ಹೋದವರೆದುರು ಬೆರಳಿನ ಗೆಣ್ಣಿನಿಂದ ಅದನ್ನು ಬಡಿದು, “ಕೇಳು, ಟಣ್ ಅಂತದ್ಯಲ್ಲ? ಇದು ನಿನ್ನ ಮೊಮ್ಮಗನ ಕಾಲಕ್ಕೂ ಸೋರೂದಿಲ್ಲ” ಎನ್ನುತ್ತಿದ್ದರು. ಹೇಗೋ ಏನೋ, ಯಾವುದೋ ಸಭೆಯಲ್ಲಿ ಮಂತ್ರಿಯೊಬ್ಬರ ಎದುರು ಬಂದರಿನ ವ್ಯಾಪಾರದ ಬಗ್ಗೆ ಅರ್ಧ ತಾಸು ಮಾತಾಡಿದರಂತೆ. ಆ ಮಾತು ಟಣ್ ಎಂದಿರಬೇಕು. ರಾಯರು ಸರ್ಕಾರದ ಆರ್ಥಿಕ ಸಲಹೆಗಾರರಾಗಿ ಬೆಂಗಳೂರಿಗೆ ಹೋದರು. ಅಲ್ಲಿಯೂ ಕಡತಗಳನ್ನು ಗೆಣ್ಣಿನಿಂದ ಬಡಿದು, “ಒಡಕು ದನಿ” ಎಂದು ಪಕ್ಕಕ್ಕಿಡುತ್ತಿದ್ದರಂತೆ. ಇದನ್ನು ನಾನು ಕಂಡಿಲ್ಲ. ಕಂಡವರು ಹೇಳಿದ್ದೂ ನೆನಪಿಲ್ಲ. ಆದರೆ ಸುಳ್ಳಾಗಿರಲಾರದು.

ನಾನು ಆಗಷ್ಟೇ ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಪರೀಕ್ಷೆ ಬರೆದು ಬಂದಿದ್ದೆ. ಯಾರು ಏನು ಹೇಳಿದರೂ “ಅದಕ್ಕೆ ಆಧಾರ ಏನು?” ಎಂದು ಕೇಳುವ ರೋಗ ಹತ್ತಿತ್ತು. “ಊಟ ಆಯ್ತಾ?” ಎಂದರೂ ಹಾಗೇ ಕೇಳುತ್ತಿ ಎಂದು ಅಪ್ಪ ಬೈಯುತ್ತಿದ್ದರು. ನನ್ನ ಅಕ್ಷರ ಮಾತ್ರ ದುಂಡಗಿತ್ತು. ಹಾಗಾಗಿ ರಾಯರು ರಜೆಯ ಮೇಲೆ ಊರಿಗೆ ಬಂದಾಗ ಅವರ ಪತ್ರ ಬರೆಯಲು ಅಪ್ಪ ನನ್ನನ್ನು ಕಾರವಾರಕ್ಕೆ ಕಳಿಸಿದರು.

ಕೆಲಸದ ಕ್ರಮ ಹೀಗಿತ್ತು. ಮೊದಲು ಕರಡು. ಅದರ ಅಂಚಿನಲ್ಲಿ ರಾಯರು ಕೆಂಪು ಸೀಸದಕಡ್ಡಿಯಿಂದ ಏನಾದರೂ ಗೀಚುವರು. ಆಮೇಲೆ ನಾನು ಕಾರ್ಬನ್ ಇಟ್ಟು ಚಂದ ಮಾಡಿ ಬರೆಯಬೇಕು. ಗುಂಡುಸೂಜಿ ತೆಗೆಯದೆ, ಕಾರ್ಬನ್ ಸಮೇತ ಅವರೆದುರು ಇಡಬೇಕು. “ನಕಲಿಗೂ ರುಜು ಬೀಳ್ಬೇಕು ತಮಾ. ನಾಳೆ ನಾನೇ ಬರದ್ದಲ್ಲ ಅಂದ್ರೆ?” ಎನ್ನುವರು. ವ್ಯಾಪಾರಿಯಾಗಿದ್ದವರು ತಮ್ಮನ್ನೂ ನಂಬುವುದಿಲ್ಲ ಎಂದು ನಾನು ಅಂದುಕೊಂಡೆ. ಅದು ಅರ್ಥಶಾಸ್ತ್ರದ ಪುಸ್ತಕದಲ್ಲಿ ಇರಲಿಲ್ಲ.

ಆ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಂದು ವರದಿ ಬಂತು. ಕರಾವಳಿಯ ಉದ್ಯೋಗದ ಬಗ್ಗೆ. ರಾಯರು ಓದಿ ರುಜು ಮಾಡಿ ಕಳಿಸಬೇಕಿತ್ತು. ಮಳೆಗಾಲದಲ್ಲಿ ಕರಾವಳಿಯ ಜನರಿಗೆ ಕೆಲಸವಿರುವುದಿಲ್ಲವಾದ್ದರಿಂದ ಆ ತಿಂಗಳುಗಳಲ್ಲಿ ಮೀನು ಒಣಗಿಸುವ ಉದ್ಯೋಗವನ್ನು ಕೈಗೊಳ್ಳಬೇಕು ಎಂದು ಅದರಲ್ಲಿತ್ತು.

ರಾಯರು ಅದನ್ನು ಎರಡು ಸಲ ಓದಿದರು. ಒಳಗಿದ್ದ ಹೆಂಡತಿಯನ್ನು ಕರೆದು ಕೊಂಕಣಿಯಲ್ಲಿ ಹೇಳಿದರು. ಆ ತಾಯಿ ಕೈಯಲ್ಲಿದ್ದ ಬಂಗುಡೆ ಸಮೇತ ಹೊರಬಂದು ಆಕಾಶ ನೋಡಿದರು.

“ಸುಂಕಸಾಳದವರೆಗೂ ಘಟ್ಟ ಇಳಿಯದವರು ಇದನ್ನ ಬರದ್ದು. ನಾನು ರುಜು ಹಾಕೂದಿಲ್ಲ. ರಾಜೀನಾಮೆ ಕೊಡ್ತೆ” ಎಂದರು ರಾಯರು.

ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಚಹಾ ತಣ್ಣಗಾದರೂ ಅವರು ರಾಜೀನಾಮೆ ಕೊಡುತ್ತಿದ್ದರು. ಅಲ್ಲದೆ ಅವರಿಗೆ ಆ ಹುದ್ದೆ ಇಷ್ಟವಿತ್ತು. ಬೆಂಗಳೂರಿನಿಂದ ತಂದಿದ್ದ ಹೆಸರಿನ ಹಲಗೆಯನ್ನು ಪಂಚೆಯ ತುದಿಯಿಂದ ದಿನಾ ಒರೆಸುತ್ತಿದ್ದರು. ಒರೆಸುವಾಗ ‘ಸಲಹೆಗಾರ’ ಎಂಬಲ್ಲಿ ಕೈ ತುಸು ನಿಧಾನವಾಗುತ್ತಿತ್ತು.

ಮಧ್ಯಾಹ್ನ ನನ್ನ ಕಡೆ ತಿರುಗಿ, “ನೀ ಎಂ.ಎ. ಅಲ್ಲವನಾ? ಒಂದು ರಾಜೀನಾಮೆ ಬರೆದು ತೋರ್ಸು ನೋಡ್ವಾ” ಎಂದರು. ನಾನು ಬರೆದೆ. ಒಂದೇ ಪುಟದಲ್ಲಿ ‘ಆತ್ಮಸಾಕ್ಷಿ’ ಎಂಬ ಶಬ್ದ ನಾಲ್ಕು ಸಲ ಬಂದಿತ್ತು. ರಾಯರು ಓದಿದರು, ಕಾಗದವನ್ನು ಗೆಣ್ಣಿನಿಂದ ಬಡಿದರು, ಅಂಚಿನಲ್ಲಿ ಕೆಂಪು ಸೀಸದಕಡ್ಡಿಯಿಂದ ಒಂದು ಶಬ್ದ ಗೀಚಿ ಕೊಟ್ಟು ಮಲಗಲು ಹೋದರು.

‘ಬರೆ.’

ಬರೆ ಎಂದರೆ ಬರೆಯಬೇಕು. ಕಾರ್ಬನ್ ಇಟ್ಟು ಚಂದ ಮಾಡಿ ಬರೆದೆ. ಸಂಜೆ ರುಜುವಿಗೆ ಇಟ್ಟ ಏಳೆಂಟು ಪತ್ರಗಳ ನಡುವೆ ಇದನ್ನೂ ಇಟ್ಟೆ. ರುಜು ಮಾಡುವಾಗ ನಾನು ಹತ್ತಿರ ಇರಲಿಲ್ಲ. ಬಾವಿಕಟ್ಟೆಯ ಬಳಿ ರಾಯರ ಮಗಳು ಶಾಲಿನಿಗೆ ಬೇಡಿಕೆ-ಪೂರೈಕೆಯ ನಿಯಮ ವಿವರಿಸುತ್ತಿದ್ದೆ. ಅವಳಿಂದ ಬೇಡಿಕೆ ಇರಲಿಲ್ಲ. ತಿರುಗಿ ಬಂದಾಗ ರುಜು ಆಗಿತ್ತು. ನಕಲುಗಳನ್ನು ಬಿಡಿಸಿ ಕಡತಕ್ಕೆ ಹಾಕಿ, ಮೂಲಗಳನ್ನು ಲಕೋಟೆಗೆ ತುಂಬಿ, ಮರುದಿನ ಬೆಳಿಗ್ಗೆ ಅಂಚೆಗೆ ಹಾಕಿದೆ.

ಕೆಲವು ದಿನಗಳ ಮೇಲೆ ಉತ್ತರ ಬಂತು. ಸರ್ಕಾರ ಅಷ್ಟು ಬೇಗ ಉತ್ತರ ಕೊಟ್ಟದ್ದನ್ನು ನಾನು ಜೀವನದಲ್ಲಿ ಆಮೇಲೆ ಕಂಡಿಲ್ಲ. ರಾಜೀನಾಮೆ ಸ್ವೀಕಾರವಾಗಿತ್ತು. ರಾಯರು ಜಗಲಿಯ ಮೇಲೆ ನಿಂತು ಅದನ್ನು ಓದಿ, ಒಳಮುಖ ಮಾಡಿ ಹೆಂಡತಿಗೆ ಕೂಗಿ ಹೇಳಿದರು: “ಬರೆಂ ಜಾಲೆಂ!”

ನನ್ನ ಕೈಯಲ್ಲಿದ್ದ ಪೆನ್ನು ಬಿತ್ತು. ಕೊಂಕಣಿಯಲ್ಲಿ ‘ಬರೆಂ’ ಎಂದರೆ ಚಲೋದು, ಒಳ್ಳೆಯದು; ‘ಜಾಲೆಂ’ ಎಂದರೆ ಆಯಿತು. ಶೆಟಗೇರಿಯವನಿಗೆ ಇಷ್ಟೂ ತಿಳಿಯದೇ ಎಂದು ನೀವು ನಗಬಹುದು. ನನ್ನ ಕಿವಿಗೆ ತಿಳಿದಿತ್ತು, ಕಣ್ಣಿಗೆ ತಿಳಿದಿರಲಿಲ್ಲ. ಆ ಶಬ್ದವನ್ನು ಮೀನು ಪೇಟೆಯಲ್ಲಿ ಕೇಳಿದ್ದೆನೇ ಹೊರತು ಕನ್ನಡ ಅಕ್ಷರದಲ್ಲಿ ಎಂದೂ ನೋಡಿರಲಿಲ್ಲ. ರಾಯರು ಮಾಸ್ತರರ ಹಾಗೆ ನನ್ನ ಬರವಣಿಗೆಗೆ ‘ಚಲೋ ಆಗಿದೆ’ ಎಂದು ಷರಾ ಬರೆದಿದ್ದರು. ನಾನು ಅದನ್ನು ಅಪ್ಪಣೆ ಎಂದು ಓದಿ ಅವರ ನೌಕರಿಯನ್ನು ಅಂಚೆಗೆ ಹಾಕಿ ಬಂದಿದ್ದೆ. ಎರಡು ಶಬ್ದಗಳ ನಡುವೆ ಇದ್ದ ವ್ಯತ್ಯಾಸ ಒಂದು ಸೊನ್ನೆ.

ಈಗ ಆ “ಬರೆಂ ಜಾಲೆಂ” ಸಂತೋಷದ್ದೇ, ಚುಚ್ಚುಮಾತೇ? ಆಗ ಮುಖ ನೋಡುವ ಧೈರ್ಯವಾಗಲಿಲ್ಲ. ಮರುದಿನವೇ ಹೊಟ್ಟೆನೋವೆಂದು ಹೇಳಿ ಊರಿಗೆ ಓಡಿದೆ. ರಾಯರು ಮತ್ತೆ ಹಂಚು ಬಡಿಯುತ್ತ ಕೂತರು. ಕೆಲವು ವರ್ಷಗಳಲ್ಲಿ ತೀರಿಕೊಂಡರು. ತತ್ತ್ವಕ್ಕಾಗಿ ಕುರ್ಚಿ ಬಿಟ್ಟವರು ಎಂದು ಊರಿನ ಅರ್ಧ ಜನ ಹೇಳಿದರು. ಸರ್ಕಾರವೇ ತೆಗೆದುಹಾಕಿತು ಎಂದು ಉಳಿದವರು. ನಿಜ ಗೊತ್ತಿದ್ದವ ನಾನೊಬ್ಬನೇ, ಅಥವಾ ಹಾಗೆಂದು ನಾನು ನಂಬಿದ್ದೆ.

ಈ ವರ್ಷ ಶಾಲಿನಿ ಫೋನ್ ಮಾಡಿದಳು. ಈಗ ನಿವೃತ್ತ ಶಿಕ್ಷಕಿ. ತಂದೆಯ ಕಾಗದಗಳ ಟ್ರಂಕನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡುತ್ತಾಳಂತೆ. ಅವರು ಒಂದು ಪುಟದ ಪರಿಚಯ ಕೇಳಿದ್ದಾರೆ.

“ನೀನೇ ಬರೆ. ಬಾಬಾ ತತ್ತ್ವಕ್ಕಾಗಿ ರಾಜೀನಾಮೆ ಕೊಟ್ರು ಅಂತ ಸ್ವಚ್ಛ ಬರೆದುಬಿಡು. ತೆಗೆದುಹಾಕಿದ್ರು ಅನ್ನೋರ ಬಾಯಿ ಒಮ್ಮೆ ಮುಚ್ಚಲಿ.”

ನನಗೆ ಸುಳ್ಳು ಬರೆಯಲು ಆಗಲಿಲ್ಲ. ಕಾರವಾರಕ್ಕೆ ಹೋಗಿ, ಅದೇ ಜಗಲಿಯಲ್ಲಿ ಕೂತು, ಎಲ್ಲ ಹೇಳಿದೆ. ಅವಳು ನಗುತ್ತಾಳೆಂದು ಎಣಿಸಿದ್ದೆ. ನಗಲಿಲ್ಲ.

“ಅಂದ್ರೆ ಬಾಬಾನಿಗೆ ಗೊತ್ತೇ ಇರ್ಲಿಲ್ಲ?”

“ನನ್ನ ನೆನಪಿನ ಪ್ರಕಾರ...”

“ನಿನ್ನ ನೆನಪಾ? ಆ ದಿನ ಬಾವಿಕಟ್ಟೆಯಲ್ಲಿ ನನಗೆ ಎಂತ ಪಾಠ ಹೇಳ್ತಾ ಇದ್ದೆ?”

“ಬೇಡಿಕೆ-ಪೂರೈಕೆ.”

“ಅಲ್ಲ. ಲಾಗಣಿ, ದುಡ್ಡು ಹೂಡೂದು. ತಲೆ ತಿಂದದ್ದು ನಾನು ಮರೆಯೂದಿಲ್ಲ.” ಒಳಗೆ ಹೋಗಿ ಚಹಾ ತಂದಿಟ್ಟಳು. ಆಮೇಲೆ ಮೆಲ್ಲಗೆ, “ನೀನು ಪರಿಚಯ ಬರೆಯೂದು ಬೇಡ. ಆ ಪುಟ ಖಾಲಿ ಇರ್ಲಿ” ಎಂದಳು.

ಖಾಲಿ ಪುಟದೊಂದಿಗೆ ಟ್ರಂಕು ಗ್ರಂಥಾಲಯ ಸೇರಿತು. ಬೈದಿದ್ದರೆ ಮರೆಯುತ್ತಿದ್ದೆ. ಆ ಖಾಲಿ ಪುಟ ನನ್ನನ್ನು ಮಲಗಲು ಬಿಡಲಿಲ್ಲ. ಲಾಗಣಿಯೂ ಬಿಡಲಿಲ್ಲ. ಬೇಡಿಕೆ-ಪೂರೈಕೆಯೇ ತಪ್ಪಾದರೆ ಉಳಿದದ್ದಕ್ಕೆ ಆಧಾರ ಏನು?

ಬಸ್ಸು ಹತ್ತಿ ಗ್ರಂಥಾಲಯಕ್ಕೆ ಹೋದೆ. ರಾಯರ ಕಾಗದಗಳನ್ನು ಮೇಜಿನ ಮೇಲೆ ಹರಡಿದೆ. ಯೋಜನೆಯ ಬಗೆಗಿನ ಭಾಷಣವೊಂದು ಕ್ಯಾಲೆಂಡರ್ ಹಾಳೆಗಳ ಹಿಂದೆ ಇತ್ತು. ಮಂತ್ರಿಗೆ ಬರೆದ ಪತ್ರದ ಕರಡಿನ ಮೇಲೆ ಬಂಗುಡೆಯ ಸಾರಿನ ಕಲೆ ಇತ್ತು. ಅಂಚುಗಳ ತುಂಬ ‘ಬರೆ’ಗಳು. ಕೆಲವಕ್ಕೆ ಸೊನ್ನೆ ಇತ್ತು, ಕೆಲವಕ್ಕೆ ಇರಲಿಲ್ಲ. ಒಂದು ಕಡೆ ‘ಬರೇ ಮಾತು’ ಎಂದಿತ್ತು. ಕೊನೆಗೆ ನನ್ನ ಕರಡೂ ಸಿಕ್ಕಿತು. ಕೆಂಪು ಸೀಸದಕಡ್ಡಿಯ ‘ಬರೆ’ ಇತ್ತು. ಅದರ ಮುಂದೆ, ಸೊನ್ನೆ ಇರಬೇಕಾದ ಜಾಗದಲ್ಲಿ, ಹುಳ ತಿಂದ ತೂತು ಇತ್ತು. ಅದೂ ದುಂಡಗಿತ್ತು. ಸಾಕ್ಷಿಯನ್ನೇ ತಿಂದ ಆ ಹುಳಕ್ಕೆ ಯಾವ ವಿಶ್ವವಿದ್ಯಾಲಯವಾದರೂ ಪದವಿ ಕೊಡಬಹುದು.

ಎದ್ದು ಹೊರಡುವವನಿದ್ದೆ. ಆಗ ಕಾರ್ಬನ್ ನಕಲು ನೆನಪಾಗಿ ಇನ್ನೊಂದು ಕಡತ ತೆಗೆಸಿದೆ. ಅಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಶಾಲಿನಿಗೆ ಕೊರಿಯರ್ ಮಾಡಿದೆ. ಎದುರು ಹೋಗಿ ಹೇಳುವ ಧೈರ್ಯ ಈ ಸಲವೂ ಬರಲಿಲ್ಲ. ಇದರಿಂದ ನನ್ನ ಅಪರಾಧ ಹೋಯಿತು, ನಿಜ. ಜೊತೆಗೆ, ಒಬ್ಬ ಸಲಹೆಗಾರನನ್ನು ಕುರ್ಚಿಯಿಂದ ಇಳಿಸಿದವ ನಾನು ಎಂದು ಒಳಗೊಳಗೇ ಸಾಕಿಕೊಂಡಿದ್ದ ಸಣ್ಣ ಜಂಬವೂ ಹೋಯಿತು. ಶಾಲಿನಿಯಿಂದ ನಿನ್ನೆ ಎರಡೇ ಶಬ್ದದ ಸಂದೇಶ ಬಂತು: ‘ಬರೆಂ. ಬರೆ.’ ಎರಡೂ ನನಗೆ ಅರ್ಥವಾದವು.

ಉಳಿದದ್ದೆಲ್ಲ ನನ್ನ ನೆನಪು, ನಂಬಬೇಕಾಗಿಲ್ಲ. ಆದರೆ ಇದೊಂದನ್ನು ಎರಡು ಸಲ ಹೋಗಿ, ಭೂತಗನ್ನಡಿ ಹಿಡಿದು ನೋಡಿದ್ದೇನೆ. ನನ್ನ ಕರಡಿನಲ್ಲಿ ಮೂರು ಕಡೆಯೂ ದೀರ್ಘ ಬಿಟ್ಟು ‘ರಾಜಿನಾಮೆ’ ಎಂದಿದೆ. ರಾಯರ ರುಜು ಬಿದ್ದ ಕಾರ್ಬನ್ ನಕಲಿನಲ್ಲಿ ಮೂರು ಕಡೆಯೂ, ‘ಜಿ’ಗೂ ‘ನಾ’ಕ್ಕೂ ನಡುವೆ ಜಾಗವಿಲ್ಲದಲ್ಲಿ, ಸಾಲುಸಾಲಾಗಿ ಓದುತ್ತ ಹೋದ, ನನ್ನದಲ್ಲದ ಒಂದು ಕೈ ಮೇಲಿನ ಹಾಳೆಯಿಂದಲೇ ಬಲವಾಗಿ ಒತ್ತಿ ದೀರ್ಘವನ್ನು ತುರುಕಿದೆ. ಅದರ ಬಾಲ ರಾಯರ ರುಜುವಿನ ಬಾಲದ ಹಾಗೆಯೇ ಕೆಳಗೆ ಇಳಿದಿದೆ.