ಕೋರಂ ಅಕ್ಕನ ಕೇರಂ ಬೋರ್ಡು

ಬೆಳಕು ಹರಿಯುವ ಮುನ್ನವೇ ಬೇಕರಿಯ ಹಿಂಬಾಗಿಲಲ್ಲಿ ಬಿಸಿ ಬ್ರೆಡ್ಡಿನ ಟ್ರೇಗಳು ಕೋರಂ ಅಕ್ಕನ ಮೂರು ಚಕ್ರದ ಗಾಡಿಗೆ ಏರುತ್ತವೆ. ಅಂಗಡಿಗಳಿಗೆ, ಮನೆಗಳಿಗೆ ಬ್ರೆಡ್ ಮುಟ್ಟಿಸುವ ಹೊತ್ತಿಗೆ ಊರು ಇನ್ನೂ ಆಕಳಿಸುತ್ತಿರುತ್ತದೆ. “ಕೋರಂ ಅಕ್ಕ ಬಂದ್ರು” ಎಂದು ಯಾರೋ ಕಿಟಕಿಯಿಂದ ಕೂಗುತ್ತಾರೆ. ಅಕ್ಕ ನಕ್ಕು ಬೆಲ್ ಬಾರಿಸುತ್ತಾರೆ.

ಈ ಹೆಸರು ಅಂಟಿದ್ದು ಶಾಲಾ ಮಂಡಳಿಯಿಂದ. ಹೆತ್ತವರ ಪರವಾಗಿ ಅಕ್ಕ ಆಗಷ್ಟೇ ಆರಿಸಿ ಬಂದಿದ್ದರು. ಸಾಕಷ್ಟು ಸದಸ್ಯರು ಸೇರದ ದಿನ ಅಧ್ಯಕ್ಷರು “ಕೋರಂ ಇಲ್ಲ, ಸಭೆ ಮುಂದಕ್ಕೆ” ಎಂದಾಗ ಅಕ್ಕನ ಕಿವಿಗೆ ಬಿದ್ದದ್ದು ಕೇರಂ. ಮುಂದಿನ ಸಭೆಗೆ ಗಾಡಿಯಲ್ಲಿ ಕೇರಂ ಬೋರ್ಡನ್ನೇ ಹೇರಿಕೊಂಡು ಬಂದರು. “ಬೋರ್ಡ್ ಮೀಟಿಂಗ್ ಅಂತಾರೆ, ಕೇರಂ ಇಲ್ಲ ಅಂತಾರೆ. ನಮ್ಮನೇಲಿ ಸುಮ್ನೆ ಬಿದ್ದಿತ್ತಲ್ಲ, ತಗೊಂಡ್ ಹೋದೆ” ಎಂದು ಅವರು ಹೇಳುವಾಗ ಪಕ್ಕದಲ್ಲಿ ಕುಳಿತ ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂದು ಸಭೆಯೆಲ್ಲ ಬಿದ್ದು ಬಿದ್ದು ನಕ್ಕು ‘ಕೋರಂ ಅಕ್ಕ’ ಎಂದು ಹೆಸರಿಟ್ಟಿತು. ಬೋರ್ಡು ಮಂಡಳಿಯ ಕೊಠಡಿಯಲ್ಲೇ ಉಳಿಯಿತು.

ಆ ಅವಮಾನವೇ ಅಕ್ಕನನ್ನು ಕಾನೂನು, ಹಣಕಾಸಿನ ತರಬೇತಿಯ ಮುಂದಿನ ಸಾಲಿನಲ್ಲಿ ಕೂರಿಸಿತು. ಒಂಬತ್ತು ಸದಸ್ಯರಲ್ಲಿ ಐವರಾದರೂ ಇರದೆ ಕೈಗೊಂಡ ತೀರ್ಮಾನ ನಿಲ್ಲುವುದಿಲ್ಲ, ಅದರ ಮೇಲೆ ಮಾಡಿದ ಖರ್ಚಿಗೆ ಲೆಕ್ಕ ತಪಾಸಣೆಯಲ್ಲಿ ತಡೆ ಬೀಳುತ್ತದೆ ಎಂದು ವಕೀಲೆ ವಿವರಿಸಿದಾಗ ಅವರು ಬಸ್ಸಿನ ಸಭೆಗೆ ಬಂದಿದ್ದವರನ್ನು ಬೆರಳಲ್ಲಿ ಎಣಿಸಿದರು. ಶಾಲೆಗೆ ಬಸ್ ಬಿಡುವ ತೀರ್ಮಾನವಾದದ್ದು ಅಧ್ಯಕ್ಷರು ಊರಲ್ಲಿಲ್ಲದ ದಿನ ನಾಲ್ವರೇ ಇದ್ದ ಸಭೆಯಲ್ಲಿ. ಕಲ್ಲುಕ್ವಾರಿಯ ಆಚೆಯ ಮಕ್ಕಳು ಲಾರಿಗಳು ನುಗ್ಗುವ ರಸ್ತೆಯಲ್ಲಿ ನಡೆದು ಬರುತ್ತಿದ್ದರು. ಅವರಲ್ಲಿ ಅಕ್ಕನ ಮಗಳೂ ಒಬ್ಬಳು. ಆ ಬಸ್ಸಿಗಾಗಿ ಹಟ ಹಿಡಿದವರೂ ಅಕ್ಕನೇ.

“ಬಾಯಿ ಮುಚ್ಕೊಂಡಿದ್ರೆ ಬಸ್ ಬಂದ್ಬಿಡ್ತಿತ್ತು. ಆಮೇಲೆ ಲೆಕ್ಕದವ್ರು ತಡೆದು ನಡುವರ್ಷದಲ್ಲಿ ನಿಂತೋದ್ರೆ ಮಕ್ಕಳಿಗೆ ಏನಂತ ಹೇಳೋದು?” ಎನ್ನುತ್ತಾರೆ ಅಕ್ಕ. ಮುಂದಿನ ಸಭೆಯಲ್ಲಿ ಅವರೇ ಎದ್ದು ನಿಂತು, ಆ ತೀರ್ಮಾನ ಊರ್ಜಿತವಲ್ಲ, ಮತ್ತೆ ಸಭೆ ಕರೆಯಿರಿ ಎಂದರು. ಅಕ್ಕಪಕ್ಕದ ತಾಯಂದಿರು ಮುಖ ತಿರುಗಿಸಿದರು. ಮಗಳು ಮಾತು ಬಿಟ್ಟಳು. ಅದು ತುಂಬಾ ನೋಯಿಸಿತು ಎನ್ನುತ್ತಾರೆ.

ಆದರೆ ಅಕ್ಕ ಕೈಕಟ್ಟಿ ಕೂರುವವರ ಪೈಕಿಯಲ್ಲ. ಮಂಡಳಿಯವರೆಲ್ಲ ಬ್ರೆಡ್ ಕೊಳ್ಳುವುದು ಅವರ ಗಾಡಿಯಿಂದಲೇ. ಸಭೆಯ ದಿನ ಬೆಳಿಗ್ಗೆ ಒಬ್ಬೊಬ್ಬರ ಬಾಗಿಲಲ್ಲೂ ನಿಂತರು. “‘ಸಂಜೆ ಬರ್ತೀನಿ’ ಅಂತ ಬಾಯ್ಬಿಟ್ಟು ಹೇಳೋವರ್ಗೂ ಬ್ರೆಡ್ ಕೈಗೆ ಕೊಡ್ಲಿಲ್ಲ. ಮನೇಲಿ ಮಕ್ಕಳು ತಿಂಡಿಗೆ ಕಾಯ್ತಿರ್ತಾವಲ್ಲ, ಬೇಗ ಒಪ್ಕೊಂಡ್ರು.”

ಸಂಜೆ ಒಂಬತ್ತೂ ಮಂದಿ ಹಾಜರ್. “ಕೋರಂ ಆಯ್ತೇನಕ್ಕಾ?” ಎಂದು ಅಧ್ಯಕ್ಷರು ಕಾಲೆಳೆದರು. “ಆಯ್ತು ಸಾರ್, ಕುರ್ಚಿ ಸಾಲ್ತಿಲ್ಲ ಅಷ್ಟೇ.” ಬಸ್ಸಿನ ವಿಷಯ ಬಂದಾಗ ಒಂಬತ್ತು ಕೈಗಳೂ ಮೇಲೆದ್ದವು. ಅಕ್ಕನಿಗೆ ಅಳು, ನಗು ಒಟ್ಟಿಗೇ ಬಂದವು.

ಈಗ ಕ್ವಾರಿ ರಸ್ತೆಯಲ್ಲಿ ಬಸ್ಸು ಅಕ್ಕನ ಗಾಡಿಯನ್ನು ಹಿಂದೆ ಹಾಕಿ ಹೋಗುತ್ತದೆ. ಕಿಟಕಿಯಿಂದ ಮಗಳು ಕೈ ಬೀಸುತ್ತಾಳೆ. ಮಂಡಳಿಯ ಸಭೆಗಳನ್ನೂ ಯಾರೂ ತಪ್ಪಿಸುವುದಿಲ್ಲ, ಮುಗಿದ ಮೇಲೆ ಎಲ್ಲರೂ ಸೇರಿ ಅಕ್ಕನ ಬೋರ್ಡಿನಲ್ಲಿ ಒಂದು ಆಟ ಆಡುತ್ತಾರೆ.

“ನೋಡಿ, ಕೇರಂ ಇದ್ರೆ ಸಭೆ ನಡೆಯುತ್ತೆ ಅಂತ ನಾನು ಮೊದಲ ದಿನಾನೇ ತಿಳ್ಕೊಂಡಿದ್ದೆ” ಎನ್ನುತ್ತಾ ಅಕ್ಕ ಪೆಡಲ್ ತುಳಿಯುತ್ತಾರೆ.