ಹೂವು ಯಾರ ಕಡೆಗೆ

ಅಣ್ಣನ ಮದುವೆಯಾದಾಗ ಪೀಣ್ಯದ ನಮ್ಮ ಬಾಡಿಗೆ ಮನೆಯಲ್ಲಿದ್ದದ್ದು ಒಂದೇ ಕೋಣೆ. ನಡುವೆ ನಿಲ್ಲಿಸಲು ಮೂರು ಮಡಿಕೆಯ ಮರದ ಅಡ್ಡಪರದೆ ತಂದೆವು. ಒಂದು ಮುಖದಲ್ಲಿ ಹೂಬಳ್ಳಿಯ ಕೆತ್ತನೆ, ಇನ್ನೊಂದು ಬರೀ ಪ್ಲೈವುಡ್. ಬಂದವರು ನೋಡಲೆಂದು ಹೂವನ್ನು ಬಾಗಿಲ ಕಡೆಗೆ, ಅವ್ವ ಮತ್ತು ನಾನು ಮಲಗುವ ಭಾಗಕ್ಕೆ ತಿರುಗಿಸಿಟ್ಟೆ.

ಎರಡನೆಯ ವಾರ ಅತ್ತಿಗೆ ಪರದೆಯಾಚೆಯಿಂದ ಕೇಳಿದರು: “ಬಂದ ಮಂದಿಗೆ ಹೂವು, ನನಗ ಬರೇ ಹಲಗಿ ಏನೋ ತಮ್ಮಾ?”

ನಗುತ್ತಲೇ ಕೇಳಿದ್ದರು. ಆದರೂ ಮಾತು ಚುಚ್ಚಿತು. ವಾರಕ್ಕೊಮ್ಮೆ ತಿರುಗಿಸುವ ಸರದಿ ಮಾಡಿ, ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಅಂದೇ ಹೂವು ಅವರ ಕಡೆಗೆ ಹೋಯಿತು.

ಮುಂದಿನ ಭಾನುವಾರ ನಮ್ಮ ಸರದಿ. ಪರದೆಗೆ ಕೈಹಾಕಿದಾಗ ಅವ್ವ ತಡೆದಳು: “ಇರಲಿ ಬಿಡೋ. ಆಕಿ ತವರಮನಿ ಬಿಟ್ಟು ಬಂದಾಳ. ಎದ್ದ ಕೂಡ್ಲೆ ಕಣ್ಣಿಗೆ ಹೂವು ಕಾಣಲಿ.”

ಕ್ಯಾಲೆಂಡರಿನ ಗುರುತುಗಳನ್ನೆಲ್ಲ ಅಳಿಸಿದೆ.